ಸಂಕಟದ ದಿನಗಳಲ್ಲಿ ಸತ್ಯವೇದವನ್ನು ಓದಿ ನಿರೀಕ್ಷೆಯನ್ನು ಕಂಡುಕೊಳ್ಳುವುದು ಹೇಗೆ

ದುಃಖದಲ್ಲಿರುವವರು ಸತ್ಯವೇದವನ್ನು, ಅಂದರೆ ಬೈಬಲನ್ನು, ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಹುಡುಕುವುದು ಸಮಾಧಾನ ನೀಡುವ ಒಂದು ವಚನವನ್ನು. ಕ್ಯಾಲೆಂಡರಿನಲ್ಲಿ ಕಂಡ ಅಥವಾ ಆತ್ಮೀಯರು ಮೊಬೈಲಿಗೆ ಕಳುಹಿಸಿದ ಒಂದು ಸಾಲನ್ನು ಹಿಡಿದುಕೊಂಡು ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ಆ ಸಾಲು ಕೆಲವರಿಗೆ ನಿಜವಾಗಿಯೂ ಬಲ ಕೊಡುತ್ತದೆ. ಆದರೆ ಮಗುವನ್ನು ಕಳೆದುಕೊಂಡವರು, ವಾಸಿಯಾಗದ ಕಾಯಿಲೆಯ ಸುದ್ದಿಯನ್ನು ಆಗಷ್ಟೇ ಕೇಳಿದವರು, ಕೆಲಸವೂ ಸಂಬಂಧಗಳೂ ಒಟ್ಟಿಗೇ ಕುಸಿಯುವುದನ್ನು ಕಂಡವರು ಎಷ್ಟೋ ಸಲ ಅದೇ ಸಾಲನ್ನು ಓದಿ ಏನನ್ನೂ ಅನುಭವಿಸದೆ ಪುಸ್ತಕವನ್ನು ಮುಚ್ಚುತ್ತಾರೆ, ಮತ್ತು ತಮ್ಮ ವಿಶ್ವಾಸವೇ ಬತ್ತಿಹೋಯಿತೆಂದು ಹೆದರಿ ಮೊದಲಿಗಿಂತ ಹೆಚ್ಚು ಕುಗ್ಗುತ್ತಾರೆ. ಅಂಥವರಿಗೆ ಮೊದಲು ಹೇಳಬೇಕಾದ ಮಾತು ಇದು: ಕೊರತೆ ಇರುವುದು ನಿಮ್ಮ ವಿಶ್ವಾಸದಲ್ಲಿ ಎಂದು ತೀರ್ಮಾನಿಸಬೇಡಿ, ಓದುವ ಕ್ರಮವನ್ನು ಸ್ವಲ್ಪ ಬದಲಾಯಿಸಿ ನೋಡಿ. ನಿಮ್ಮ ಈಗಿನ ನೋವನ್ನು ಮುಚ್ಚುಮರೆಯಿಲ್ಲದೆ ಹೇಳುವ ಭಾಗಗಳಿಂದ ಓದನ್ನು ಆರಂಭಿಸಿ, ಆ ಭಾಗವನ್ನು ತುಂಡರಿಸದೆ ಪೂರ್ತಿಯಾಗಿ ಓದಿ, ಅದನ್ನು ಬರೆದವನು ನಿರೀಕ್ಷೆಯನ್ನು ಎಲ್ಲಿ ಕಂಡನೋ ಅಲ್ಲಿಯವರೆಗೆ ಅವನ ಜೊತೆಯಲ್ಲಿಯೇ ನಡೆದು ಬನ್ನಿ.

ಮೊರೆಯಿಡುವ ಕೀರ್ತನೆಗಳಿಂದ ಆರಂಭಿಸಿ

ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ, ಮತ್ತು ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳುವ, ದೂರು ಹೇಳುವ, ದೇವರ ಮೌನವನ್ನು ಪ್ರಶ್ನಿಸುವ ಕೀರ್ತನೆಗಳು. ಆರಾಧನೆಗಾಗಿ ಒಂದು ಸಮುದಾಯ ಜೋಪಾನವಾಗಿ ಕೂಡಿಸಿಟ್ಟ ಹಾಡುಗಳಲ್ಲಿ ಇಷ್ಟೊಂದು ಅಳಲು ಸೇರಿಕೊಂಡಿರುವುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಷ್ಟ ಬಂದಾಗ ದೇವರ ಮುಂದೆ ಹಸನ್ಮುಖಿಯಾಗಿಯೇ ನಿಲ್ಲಬೇಕೆಂದು ಸತ್ಯವೇದ ಎಲ್ಲಿಯೂ ಕೇಳುವುದಿಲ್ಲ.

ಹದಿಮೂರನೆಯ ಕೀರ್ತನೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಇರುವುದು ಆರೇ ವಚನಗಳು, ಆದ್ದರಿಂದ ಮನಸ್ಸು ಒಂದು ಕಡೆ ನಿಲ್ಲದ ದಿನದಲ್ಲಿಯೂ ಅದನ್ನು ಓದಿ ಮುಗಿಸಬಹುದು. ಮೊದಲ ಎರಡು ವಚನಗಳಲ್ಲಿ ಕೀರ್ತನಕಾರನು ‘ಎಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತಾನೆ: ನನ್ನನ್ನು ಮರೆತೇ ಇರುವುದು ಎಷ್ಟು ಕಾಲ, ಮುಖ ಮರೆಮಾಡಿಕೊಂಡಿರುವುದು ಎಷ್ಟು ಕಾಲ, ನಾನು ಒಳಗೊಳಗೇ ಚಿಂತಿಸುತ್ತಾ ದಿನವೆಲ್ಲ ಕೊರಗುವುದು ಎಷ್ಟು ಕಾಲ, ವೈರಿಯ ಕೈ ಮೇಲಾಗಿರುವುದು ಎಷ್ಟು ಕಾಲ. ಮುಂದಿನ ಎರಡು ವಚನಗಳಲ್ಲಿ ಅವನು ಬೇಡಿಕೊಳ್ಳುತ್ತಾನೆ: ನನ್ನ ಕಡೆಗೆ ನೋಡು, ಉತ್ತರ ಕೊಡು, ನನ್ನ ಕಣ್ಣುಗಳಿಗೆ ಬೆಳಕು ಕೊಡು, ಇಲ್ಲವಾದರೆ ಸತ್ತೇಹೋಗುತ್ತೇನೆ ಎನ್ನುತ್ತಾನೆ. ಐದನೆಯ ವಚನಕ್ಕೆ ಬಂದಾಗ ಸ್ವರ ಬದಲಾಗುತ್ತದೆ. ನಾನಾದರೋ ನಿನ್ನ ಪ್ರೀತಿಯನ್ನು ನಂಬಿದ್ದೇನೆ ಎಂದು ಹೇಳಿ, ಹಾಡುವ ಮಾತಿನಿಂದ ಕೀರ್ತನೆಯನ್ನು ಮುಗಿಸುತ್ತಾನೆ. ನಾಲ್ಕನೆಯ ವಚನಕ್ಕೂ ಐದನೆಯದಕ್ಕೂ ನಡುವೆ ಏನು ನಡೆಯಿತೆಂದು ಕೀರ್ತನೆ ತಿಳಿಸುವುದಿಲ್ಲ. ವೈರಿ ಸೋತನೆಂದಾಗಲಿ ಕಾಯಿಲೆ ವಾಸಿಯಾಯಿತೆಂದಾಗಲಿ ಅಲ್ಲಿ ಬರೆದಿಲ್ಲ. ಹೊರಗಿನ ಪರಿಸ್ಥಿತಿ ಹಾಗೆಯೇ ಇದ್ದಿರಬಹುದು. ಅಷ್ಟು ಹೊತ್ತಿಗೆ ಅವನು ತನ್ನ ಸಂಕಟವನ್ನೆಲ್ಲ ಕೇಳತಕ್ಕವನಿಗೆ ಹೇಳಿ ಮುಗಿಸಿದ್ದನು ಎಂಬುದು ಮಾತ್ರ ನಮಗೆ ಗೊತ್ತಿರುವ ಸಂಗತಿ.

ಈ ಕೀರ್ತನೆಯನ್ನು ಓದುವಾಗ ಹೀಗೆ ಮಾಡಿ. ಮೊದಲು ಇಡೀ ಕೀರ್ತನೆಯನ್ನು ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಒಮ್ಮೆ ಓದಿ. ಎರಡನೆಯ ಸಲ ಓದುವಾಗ ‘ಎಷ್ಟು ಕಾಲ’ ಎಂಬ ಪ್ರತಿಯೊಂದು ಪ್ರಶ್ನೆಯ ನಂತರ ಸ್ವಲ್ಪ ನಿಂತು, ನಿಮ್ಮ ಸ್ವಂತ ಸಂಗತಿಯನ್ನು ಅದರದೇ ಹೆಸರಿನಿಂದ ಹೇಳಿ. ‘ನನ್ನ ಕಷ್ಟ’ ಎಂದು ಮೊಟಕಾಗಿ ಹೇಳದೆ, ಸಾಲವಾಗಿದ್ದರೆ ಸಾಲವೆಂದೂ ಕಾಯಿಲೆಯಾಗಿದ್ದರೆ ಆ ಕಾಯಿಲೆಯ ಹೆಸರನ್ನೂ ನುಡಿಯಿರಿ. ನಂತರ ಅವನು ಬೇಡಿಕೊಂಡಷ್ಟೇ ನೇರವಾಗಿ ನೀವೂ ಬೇಡಿಕೊಳ್ಳಿ. ಕೊನೆಯ ಎರಡು ವಚನಗಳನ್ನು ನಿಮ್ಮ ಮಾತಾಗಿ ಹೇಳಲು ಆ ದಿನ ಮನಸ್ಸು ಒಪ್ಪದಿದ್ದರೆ ಬಲವಂತದಿಂದ ಹೇಳಬೇಕಾಗಿಲ್ಲ. ನಿಮ್ಮಂತೆಯೇ ಕೇಳಿದ ಒಬ್ಬನು ಇಲ್ಲಿಗೆ ಬಂದು ಮುಟ್ಟಿದನು ಎಂಬ ಸಾಕ್ಷಿಯಾಗಿ ಅವುಗಳನ್ನು ಓದಿ. ನನ್ನ ದೃಷ್ಟಿಯಲ್ಲಿ ಕಷ್ಟಕಾಲದ ಓದಿನಲ್ಲಿ ಇದೇ ಬಹಳ ಮುಖ್ಯವಾದ ಅಭ್ಯಾಸ, ಏಕೆಂದರೆ ಇನ್ನೊಬ್ಬನ ನಿರೀಕ್ಷೆಯನ್ನು ಕೆಲವು ದಿನ ಕೇಳುತ್ತಾ ಇರುವವನ ಬಾಯಲ್ಲಿ ಅದೇ ಮಾತು ತನ್ನದಾಗಿ ಬರಲು ದಾರಿಯಾಗುತ್ತದೆ.

ರಾತ್ರಿ ನಿದ್ರೆ ಬಾರದವರು ಎಪ್ಪತ್ತೇಳನೆಯ ಕೀರ್ತನೆಯನ್ನು ತೆರೆಯಬೇಕು. ಅದನ್ನು ರಚಿಸಿದವನು ಇರುಳೆಲ್ಲ ಕೈಚಾಚಿ ಮೊರೆಯಿಟ್ಟವನು, ನನ್ನ ಕಣ್ಣು ಮುಚ್ಚದಂತೆ ಮಾಡಿದ್ದೀ ಎಂದು ದೇವರಿಗೇ ಹೇಳಿದವನು, ಕೃಪೆ ತೋರಿಸುವುದನ್ನು ದೇವರು ಮರೆತನೋ ಎಂದು ಕೇಳುವಷ್ಟು ನೊಂದವನು. ಅನಂತರ ಅವನು ಪೂರ್ವಕಾಲದಲ್ಲಿ ದೇವರು ಮಾಡಿದ ಕಾರ್ಯಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು, ಸಮುದ್ರದ ನಡುವೆ ಜನರನ್ನು ನಡೆಸಿದ್ದನ್ನು ಹೇಳುವಾಗ, ದೇವರ ಹೆಜ್ಜೆಗುರುತುಗಳು ಮಾತ್ರ ಅಲ್ಲಿ ಕಾಣಲಿಲ್ಲ ಎನ್ನುತ್ತಾನೆ. ದಾರಿ ಇತ್ತು, ನಡೆಸಿದವನು ಇದ್ದನು, ಗುರುತು ಕಾಣಲಿಲ್ಲ. ಸಂಕಟದ ನಡುವೆ ಇರುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ಸಮಾಧಾನವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಇದೇ ರೀತಿಯಲ್ಲಿ ನಾಲ್ವತ್ತೆರಡು ಮತ್ತು ನಾಲ್ವತ್ತಮೂರನೆಯ ಕೀರ್ತನೆಗಳನ್ನು ಸೇರಿಸಿ ಓದಿದರೆ, ನನ್ನ ಮನವೇ, ನೀನು ಕುಗ್ಗಿರುವುದೇಕೆ, ದೇವರನ್ನು ನಿರೀಕ್ಷಿಸು ಎಂಬ ಪಲ್ಲವಿ ಮೂರು ಸಲ ಬರುವುದು ಕಾಣುತ್ತದೆ. ಒಮ್ಮೆ ಹೇಳಿದರೆ ಅವನಿಗೂ ಸಾಲಲಿಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ.

ಒಂದು ವಚನವನ್ನು ಅದರ ಮನೆಯಿಂದ ಹೊರಗೆ ತರಬೇಡಿ

ನಾವು ಓದುವ ಅಧ್ಯಾಯ ಮತ್ತು ವಚನಗಳ ಅಂಕಿಗಳು ಮೂಲ ಬರಹದಲ್ಲಿ ಇರಲಿಲ್ಲ. ಈಗ ಬಳಕೆಯಲ್ಲಿರುವ ಅಧ್ಯಾಯಗಳ ವಿಂಗಡಣೆಯನ್ನು 13ನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದರೆಂದು ಹೇಳುತ್ತಾರೆ, ಮತ್ತು ಹೊಸ ಒಡಂಬಡಿಕೆಗೆ ವಚನಗಳ ಅಂಕಿಗಳನ್ನು 1551ರಲ್ಲಿ ರೊಬೇರ್ ಎಸ್ತಿಯೆನ್ ಎಂಬ ಮುದ್ರಕರು ಹಾಕಿದರು. ಈ ಅಂಕಿಗಳು ಹುಡುಕಲು ಬಹಳ ಅನುಕೂಲವಾದವು, ಆದರೆ ಪತ್ರದ ನಡುವಿನ ಒಂದು ವಾಕ್ಯವನ್ನು ಎತ್ತಿಕೊಂಡು ಅದೇ ಇಡೀ ಪತ್ರವೆಂಬಂತೆ ಓದುವ ರೂಢಿಗೂ ಅವು ಎಡೆಮಾಡಿಕೊಟ್ಟಿವೆ.

ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಕೇಡಿನವಲ್ಲ, ಹಿತದವು ಎಂದು ಯೆಹೋವನು ಹೇಳುವ ಆ ಮಾತನ್ನು ಕೇಳದ ವಿಶ್ವಾಸಿಗಳು ಕಡಿಮೆ. ಆದರೆ ಅದು ಒಂದು ಪತ್ರದೊಳಗಿನ ಮಾತು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಅರಸನನ್ನೂ ಪ್ರಮುಖರನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದ ಮೇಲೆ, ಆ ಸೆರೆಯವರಿಗೆ ಪ್ರವಾದಿಯು ಬರೆದ ಪತ್ರ ಅದು. ಅದಕ್ಕಿಂತ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿಯು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಜನರ ಮುಂದೆ ಸಾರಿ, ಬಾಬಿಲೋನಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ನೊಗವನ್ನು ತೆಗೆದು ಮುರಿದುಹಾಕುತ್ತಾನೆ. ಕೇಳುವವರಿಗೆ ಅದು ಎಷ್ಟು ಹಿತವಾಗಿತ್ತೆಂದು ಊಹಿಸಬಹುದು. ಯೆರೆಮೀಯನ ಪತ್ರವಾದರೋ ಎಪ್ಪತ್ತು ವರ್ಷಗಳ ಮಾತನ್ನು ಹೇಳುತ್ತದೆ. ಮನೆಗಳನ್ನು ಕಟ್ಟಿಕೊಳ್ಳಿ, ತೋಟಗಳನ್ನು ಮಾಡಿ ಅವುಗಳ ಫಲವನ್ನು ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವು ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಅನೇಕರು ಬಿಡುಗಡೆಯ ದಿನವನ್ನು ಕಾಣಲಾರರೆಂಬುದು ಅಲ್ಲಿಯೇ ಸ್ಪಷ್ಟವಾಗಿತ್ತು. ಇಷ್ಟನ್ನು ಓದಿದ ಮೇಲೆ ಹನ್ನೊಂದನೆಯ ವಚನಕ್ಕೆ ಬಂದರೆ, ಅದು ಬರುವ ತಿಂಗಳೊಳಗೆ ಸಮಸ್ಯೆ ಪರಿಹಾರವಾಗುವುದೆಂಬ ಭರವಸೆಯಾಗಿ ಕೇಳಿಸುವುದಿಲ್ಲ. ಬೇಡವಾದ ಸ್ಥಳದಲ್ಲಿ ದೀರ್ಘಕಾಲ ಬದುಕಬೇಕಾದ ಜನರನ್ನು ದೇವರು ಮರೆತಿಲ್ಲವೆಂಬ ಗಟ್ಟಿ ಮಾತಾಗಿ ಕೇಳಿಸುತ್ತದೆ, ಮತ್ತು ಕಾಯಿಲೆಯೊಂದಿಗೋ ಅಗಲಿಕೆಯೊಂದಿಗೋ ವರ್ಷಗಟ್ಟಲೆ ಬಾಳಬೇಕಾದವರಿಗೆ ಬೇಕಾಗಿರುವುದು ಈ ಮಾತೇ. ಹನನ್ಯನ ಎರಡು ವರ್ಷಗಳನ್ನು ನಂಬಿ ಕುಳಿತವನಿಗೆ ಮೂರನೆಯ ವರ್ಷ ಏನೂ ಉಳಿಯುವುದಿಲ್ಲ.

ಆದ್ದರಿಂದ ಯಾರಾದರೂ ನಿಮಗೆ ಒಂದು ವಚನವನ್ನು ಕಳುಹಿಸಿದರೆ ಮೊದಲು ಆ ಅಧ್ಯಾಯವನ್ನು ಪೂರ್ತಿ ಓದಿ, ಸಾಧ್ಯವಾದರೆ ಅದರ ಹಿಂದಿನ ಮತ್ತು ಮುಂದಿನ ಅಧ್ಯಾಯಗಳನ್ನೂ ಓದಿ, ಮೂರು ವಿಷಯಗಳನ್ನು ವಿಚಾರಿಸಿ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಆಗ ಅವರ ಸ್ಥಿತಿ ಹೇಗಿತ್ತು, ದೇವರು ನಿಜವಾಗಿ ಮಾತು ಕೊಟ್ಟಿರುವುದು ಯಾವುದಕ್ಕೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ, ದೇವರನ್ನು ಪ್ರೀತಿಸುವವರ ಹಿತಕ್ಕಾಗಿ ಎಲ್ಲವೂ ಅನುಕೂಲವಾಗುತ್ತದೆ ಎಂಬ ಇಪ್ಪತ್ತೆಂಟನೆಯ ವಚನವನ್ನು ಒಂದೇ ಹೇಳಿದರೆ ನೊಂದವನ ಕಿವಿಗೆ ಅದು ಕಠಿಣವಾಗಿ ಕೇಳಬಹುದು. ಹದಿನೆಂಟನೆಯ ವಚನದಿಂದ ಅಧ್ಯಾಯದ ಕೊನೆಯವರೆಗೆ ಓದಿ ನೋಡಿ. ಸೃಷ್ಟಿಯೆಲ್ಲ ನರಳುತ್ತಿದೆ, ನಾವೂ ನರಳುತ್ತಿದ್ದೇವೆ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ಹೇಳಿದ ನಂತರವೇ ಆ ಮಾತು ಬರುತ್ತದೆ. ಬಂದ ಮೇಲೂ ಪೌಲನು ಸಂಕಟ, ಬರಗಾಲ, ಬಟ್ಟೆಯಿಲ್ಲದ ಸ್ಥಿತಿ, ಕತ್ತಿ ಇವೆಲ್ಲವನ್ನೂ ಹೆಸರಿಸಿ, ಇವು ನಮಗೆ ಬಾರವು ಎನ್ನದೆ, ಇವು ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು ಎನ್ನುತ್ತಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತನ್ನೂ ಇದೇ ರೀತಿಯಲ್ಲಿ ಓದಬೇಕು. ಅದನ್ನು ಬರೆದಾಗ ಪೌಲನು ಸೆರೆಯಲ್ಲಿದ್ದನು, ಹಸಿವೆಯಲ್ಲಿಯೂ ತೃಪ್ತಿಯಲ್ಲಿಯೂ ಇರುವುದನ್ನು ಕಲಿತಿದ್ದೇನೆ ಎಂದು ಅದಕ್ಕೆ ಸ್ವಲ್ಪ ಮೊದಲೇ ಹೇಳಿದ್ದನು.

ನಿರೀಕ್ಷೆ ಗ್ರಂಥದ ನಡುವೆಯೂ ಸಿಗಬಹುದು

ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಪಟ್ಟಣವೂ ದೇವಾಲಯವೂ ನಾಶವಾದ ನಂತರ ಹುಟ್ಟಿದ ಶೋಕಗೀತೆಗಳು ಪ್ರಲಾಪಗಳ ಗ್ರಂಥದಲ್ಲಿವೆ. ಅದರಲ್ಲಿ ಐದು ಅಧ್ಯಾಯಗಳು. ಮೂರನೆಯದರಲ್ಲಿ 66 ವಚನಗಳು, ಉಳಿದ ನಾಲ್ಕರಲ್ಲಿ ತಲಾ 22. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರಗಳಿದ್ದು, ಮೊದಲ ನಾಲ್ಕು ಗೀತೆಗಳನ್ನು ಆ ಅಕ್ಷರಗಳ ಕ್ರಮದಲ್ಲಿಯೇ ಹೆಣೆಯಲಾಗಿದೆ. ಹೇಳತೀರದ ದುಃಖವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬಿಡದೆ ಹೇಳಿದ ಆ ತಾಳ್ಮೆ ನನ್ನನ್ನು ಪ್ರತಿ ಸಲವೂ ಮುಟ್ಟುತ್ತದೆ.

ದೇವರ ಕರುಣೆ ಪ್ರತಿದಿನ ಬೆಳಿಗ್ಗೆ ಹೊಸದಾಗುತ್ತದೆ ಎಂಬ ಪ್ರಸಿದ್ಧವಾದ ಮಾತು ಇರುವುದು ಮೂರನೆಯ ಅಧ್ಯಾಯದಲ್ಲಿ, ಅಂದರೆ ಗ್ರಂಥದ ನಟ್ಟನಡುವೆ. ಅದಕ್ಕೆ ಮೊದಲು ಇಪ್ಪತ್ತು ವಚನಗಳ ತನಕ ಆ ಮನುಷ್ಯನು ತನ್ನ ಮೇಲೆ ಬಂದದ್ದನ್ನು ಹೇಳುತ್ತಾನೆ. ಇಪ್ಪತ್ತೊಂದನೆಯ ವಚನದಲ್ಲಿ, ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳುತ್ತೇನೆ, ಆದ್ದರಿಂದಲೇ ನಿರೀಕ್ಷಿಸುತ್ತೇನೆ ಎನ್ನುತ್ತಾನೆ. ಅಲ್ಲಿಗೆ ಶೋಕ ಮುಗಿಯುವುದಿಲ್ಲ. ಅದೇ ಅಧ್ಯಾಯದ ಉತ್ತರಾರ್ಧದಲ್ಲಿ ಮತ್ತೆ ಕಣ್ಣೀರು ಹರಿಯುತ್ತದೆ, ನಾಲ್ಕನೆಯ ಅಧ್ಯಾಯದಲ್ಲಿ ಹಸಿದ ಮಕ್ಕಳ ಚಿತ್ರ ಬರುತ್ತದೆ, ಐದನೆಯದು ನಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟಿದ್ದೀಯೋ ಎಂಬ ಅನುಮಾನದಲ್ಲಿ ನಿಲ್ಲುತ್ತದೆ. ಒಂದು ದಿನ ಧೈರ್ಯ ಬಂದು ಮರುದಿನ ಮತ್ತೆ ಕುಸಿದವರು ತಾವು ಹಿಂದಕ್ಕೆ ಜಾರಿದೆವೆಂದು ನೊಂದುಕೊಳ್ಳುವುದುಂಟು. ಅಂಥವರು ಈ ಗ್ರಂಥವನ್ನು ಐದು ದಿನ, ದಿನಕ್ಕೊಂದು ಅಧ್ಯಾಯದಂತೆ ಓದಲಿ. ಮಧ್ಯದಲ್ಲಿ ಕಂಡ ನಿರೀಕ್ಷೆ ಸುಳ್ಳಾಗದೆ, ದುಃಖವೂ ಸುಳ್ಳಾಗದೆ ಎರಡೂ ಒಂದೇ ಗ್ರಂಥದಲ್ಲಿ ನಿಂತಿರುವುದನ್ನು ಅವರು ಕಾಣುವರು.

ದೇಹವನ್ನೂ ಲಕ್ಷ್ಯದಲ್ಲಿಡಿ

ಒಂದನೆಯ ಅರಸುಗಳ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಎಲೀಯ ಪ್ರವಾದಿಯು ಪ್ರಾಣಭಯದಿಂದ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡಿಕೊಂಡು ಮಲಗಿಬಿಡುತ್ತಾನೆ. ದೇವದೂತನು ಬಂದು ಅವನನ್ನು ಗದರಿಸುವುದಿಲ್ಲ, ಉಪದೇಶಿಸುವುದೂ ಇಲ್ಲ. ಅವನನ್ನು ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಎನ್ನುತ್ತಾನೆ. ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇರುತ್ತವೆ. ಎಲೀಯನು ತಿಂದು ಕುಡಿದು ಪುನಃ ಮಲಗುತ್ತಾನೆ, ದೂತನು ಎರಡನೆಯ ಸಲ ಬಂದು, ನಿನ್ನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿ ಮತ್ತೆ ಉಣ್ಣಿಸುತ್ತಾನೆ. ದೇವರು ಅವನೊಂದಿಗೆ ಮಾತನಾಡುವುದು ನಲವತ್ತು ದಿನಗಳ ನಡಿಗೆಯ ನಂತರ ಹೋರೇಬ್ ಬೆಟ್ಟದಲ್ಲಿ.

ಆದುದರಿಂದ ಊಟ ನಿದ್ರೆಗಳಿಲ್ಲದೆ ಬಳಲಿರುವಾಗ ಹೆಚ್ಚು ಹೊತ್ತು ಓದಬೇಕೆಂದು ನಿಮ್ಮನ್ನು ನೀವೇ ಒತ್ತಾಯಿಸಬೇಡಿ. ಆಗ ಉಂಡು ಮಲಗುವುದೇ ಈ ಅಧ್ಯಾಯಕ್ಕೆ ವಿಧೇಯವಾದ ನಡತೆ. ವಾರಗಟ್ಟಲೆ ಖಿನ್ನತೆ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿರಿ. ಬದುಕು ಸಾಕೆಂಬ ಯೋಚನೆ ಬರುತ್ತಿದ್ದರೆ ಒಬ್ಬರೇ ಪುಸ್ತಕದ ಮುಂದೆ ಕುಳಿತಿರದೆ, ಅದೇ ದಿನ ನಂಬಿಕಸ್ಥರೊಬ್ಬರಿಗೆ ಬಾಯಿಬಿಟ್ಟು ಹೇಳಿ ಚಿಕಿತ್ಸೆಯ ಸಹಾಯವನ್ನು ಪಡೆಯಿರಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರಂಭದಲ್ಲಿಯೇ ಪೌಲನು, ಜೀವದ ಮೇಲಿನ ಆಸೆಯನ್ನೂ ಬಿಡುವಷ್ಟು ಕುಗ್ಗಿಹೋದೆವು ಎಂದು ತನ್ನ ಸಭೆಗೆ ಬರೆದು ತಿಳಿಸಿದನು ಮತ್ತು ಅವರ ಪ್ರಾರ್ಥನೆಯ ಸಹಾಯವನ್ನು ಕೇಳಿಕೊಂಡನು.

ದಿನನಿತ್ಯದ ಓದು

ಸ್ವಲ್ಪವೇ ಓದಿ, ಅದನ್ನೇ ಹಲವು ದಿನ ಓದಿ. ಒಂದು ಕೀರ್ತನೆಯನ್ನು ಒಂದು ವಾರ ಇಟ್ಟುಕೊಂಡರೆ ಅದು ನಿಧಾನವಾಗಿ ಬಾಯಿಗೆ ಬರುತ್ತದೆ, ಮತ್ತು ಆಸ್ಪತ್ರೆಯ ಓಣಿಯಲ್ಲಿ ಕಾಯುವಾಗ ಬೇಕಾಗುವುದು ಬಾಯಿಗೆ ಬಂದ ಮಾತು. ಸಾಧ್ಯವಿದ್ದರೆ ಪ್ರತಿದಿನ ಒಂದೇ ಹೊತ್ತಿನಲ್ಲಿ, ಮೊಬೈಲನ್ನು ದೂರವಿಟ್ಟು ಓದಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಆ ದಿನ ಮನಸ್ಸಿಗೆ ತಾಗಿದ ಒಂದು ವಾಕ್ಯವನ್ನು ಕೈಯಿಂದ ಬರೆದುಕೊಂಡು, ಅದರ ಕೆಳಗೆ ದೇವರಿಗೆ ನೀವು ಹೇಳಬೇಕೆಂದಿರುವುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಕೋಪವಿದ್ದರೆ ಕೋಪವನ್ನೇ ಬರೆಯಿರಿ. ಏನೂ ತಾಗದ ದಿನಗಳಲ್ಲಿ ಓದಿದ ಭಾಗದ ಹೆಸರನ್ನಷ್ಟೇ ಬರೆದಿಟ್ಟರೆ ಸಾಕು. ಓದಲು ಶಕ್ತಿಯೇ ಇಲ್ಲದಿದ್ದರೆ ಇನ್ನೊಬ್ಬರು ಓದಲಿ, ನೀವು ಕೇಳಿಸಿಕೊಳ್ಳಿ. ಈ ಬರಹಗಳಲ್ಲಿ ಹೆಚ್ಚಿನವು ಮೊದಲಿನಿಂದಲೂ ಸಭೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಿದಂಥವು.

ಇನ್ನೊಬ್ಬರ ಸಂಗಡ ಓದುವುದಕ್ಕೆ ಇರುವ ಬಲವನ್ನು ಲೂಕನ ಸುವಾರ್ತೆಯ ಕೊನೆಯ ಅಧ್ಯಾಯ ತೋರಿಸುತ್ತದೆ. ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಶಿಷ್ಯರು, ಶಿಲುಬೆಯ ಮೇಲೆ ಸತ್ತ ಯೇಸುವಿನ ವಿಷಯವಾಗಿ, ಆತನೇ ಇಸ್ರಾಯೇಲರನ್ನು ಬಿಡಿಸುವವನೆಂದು ನಿರೀಕ್ಷಿಸಿಕೊಂಡಿದ್ದೆವು ಎಂದು, ಮುಗಿದುಹೋದ ಸಂಗತಿಯನ್ನು ಹೇಳುವಂತೆ ಹೇಳುತ್ತಾರೆ. ಸತ್ತವರೊಳಗಿಂದ ಎದ್ದ ಯೇಸು ಅವರ ಜೊತೆ ನಡೆಯುತ್ತಾ ಮೊದಲು ಅವರ ಮಾತನ್ನೆಲ್ಲ ಹೇಳಿಸಿಕೊಳ್ಳುತ್ತಾನೆ, ಆಮೇಲೆ ಮೋಶೆಯ ಗ್ರಂಥದಿಂದ ಆರಂಭಿಸಿ ಶಾಸ್ತ್ರಗಳನ್ನು ವಿವರಿಸುತ್ತಾನೆ. ದಾರಿಯುದ್ದಕ್ಕೂ ಅವರಿಗೆ ಆತನ ಗುರುತು ಸಿಗಲಿಲ್ಲ. ಹೃದಯ ಕುದಿಯಿತೆಂಬುದು ಅವರಿಗೆ ಅರಿವಾದದ್ದೂ ಆಮೇಲೆಯೇ. ಓದುತ್ತಿರುವ ಹೊತ್ತಿನಲ್ಲಿ ಏನೂ ಅನಿಸದಿದ್ದರೂ ಓದು ವ್ಯರ್ಥವಾಯಿತೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಾಗಿಲ್ಲ.

ನೀವೇ ದುಃಖದಲ್ಲಿರುವವರ ಜೊತೆ ಕುಳಿತಿದ್ದರೆ ವಚನಗಳನ್ನು ಹೇಳಲು ಆತುರಪಡಬೇಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕುಳಿತಿದ್ದಾಗ ಅವನಿಗೆ ಆಸರೆಯಾಗಿದ್ದರು. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣಗಳನ್ನು ಹೇಳತೊಡಗಿದ ಮೇಲೆ ಅವರು ಅವನಿಗೆ ಹೊರೆಯಾದರು, ಮತ್ತು ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆಯೇ. ತೀರಿಹೋದ ಸ್ನೇಹಿತ ಲಾಜರನ ಸಮಾಧಿಯ ಕಡೆಗೆ ಹೋಗುವಾಗ ಸ್ವತಃ ಯೇಸುವೇ ಕಣ್ಣೀರು ಬಿಟ್ಟನು.

ಇಂದೇ ಆರಂಭಿಸುವವರು ಮೊದಲ ವಾರ ಹದಿಮೂರನೆಯ ಕೀರ್ತನೆಯನ್ನು, ಎರಡನೆಯ ವಾರ ಎಪ್ಪತ್ತೇಳನೆಯದನ್ನು ಓದಬಹುದು. ಅನಂತರ ಪ್ರಲಾಪಗಳ ಐದು ಅಧ್ಯಾಯಗಳನ್ನು, ಅದರ ಹಿಂದೆಯೇ ನಾಲ್ವತ್ತೆರಡು ಮತ್ತು ನಾಲ್ವತ್ತಮೂರನೆಯ ಕೀರ್ತನೆಗಳನ್ನು ತೆಗೆದುಕೊಳ್ಳಿ; ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಇವೆಲ್ಲವೂ ಆದ ಮೇಲೆ ಓದುವುದು ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ಪೌಲನು ಹೇಳುವ ನರಳಾಟದ ಪರಿಚಯ ನಿಮಗೆ ಆಗಿರುತ್ತದೆ. ಎಂಬತ್ತೆಂಟನೆಯ ಕೀರ್ತನೆಯನ್ನು ಮಾತ್ರ ಒಬ್ಬರೇ ಇರುವಾಗ ಓದದೆ, ನಿಮ್ಮನ್ನು ಬಲ್ಲವರೊಬ್ಬರ ಜೊತೆಯಲ್ಲಿ ಓದಿ. ಅದು ಒಂದೇ ಒಂದು ಸಮಾಧಾನದ ಮಾತಿಗೂ ತಿರುಗದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದರ ಮೊದಲ ಸಾಲು ದೇವರನ್ನು ನನ್ನ ರಕ್ಷಕನೇ ಎಂದು ಕರೆಯುತ್ತದೆ.